ತುದಿಯಲ್ಲಿ ಎರಡು ಸೆಕೆಂಡು

ಬೆಳಗಿನ ಆರಕ್ಕೆ ಸೊಂಟಕ್ಕೆ ಹಗ್ಗ, ಹಗ್ಗಕ್ಕೆ ಸ್ಪ್ಯಾನರು.
ಇನ್ನೂರ ಹನ್ನೊಂದು ಮೆಟ್ಟಿಲು, ಬೋಲ್ಟಿಗೊಂದು ತಟ್ಟು.
ಬಿಗಿಯಿದ್ದರೆ ಕಂಚಿನ ದನಿ,
ಸಡಿಲಿದ್ದರೆ ನೆಗಡಿ ಹಿಡಿದ ದನಿ.
ಕಾರವಾರದ ಗಾಳಿಗೆ ಉಕ್ಕೆಂದರೆ ಒಣಮೀನಿನಷ್ಟೇ ಸದರ,
ಉಪ್ಪು ಸವರಿ ಕಾಯುತ್ತದೆ.

ಜನರಿಗಿಂತ ಮೊದಲು ಮರಳು ಸವಾರಿ ಹೋಗುತ್ತದೆ.
ಸೀಟಿಗೊಂದು ಚೀಲ, ಎದೆಗೆ ಅಡ್ಡ ಕಂಬಿ.
ಕಟಕಟ ಕಟಕಟ ಏರಿ
ತುದಿಯಲ್ಲಿ ಎರಡು ಸೆಕೆಂಡು ನಿಂತಂತೆ ಮಾಡಿ
ಸುಯ್ಯನೆ ಬಿದ್ದು, ತಿರುವಿ, ಮಗುಚಿ
ಬಾಯಿಬಿಡದೆ ವಾಪಸು ಬರುತ್ತದೆ.
ಹತ್ತು ಗಂಟೆಗೆ ಹುಬ್ಬಳ್ಳಿಯ ಕಾಲೇಜು ಹುಡುಗರು
ಮರಳಿನ ಪಾಲನ್ನೂ ಸೇರಿಸಿ ಕಿರುಚುತ್ತಾರೆ.

ಗೇಟಿನ ಹೊರಗೆ ಒಣ ಶೆಟ್ಲಿ ಮಾರುವ ಶೇವಂತಿ ದೊಡ್ಡಾಯಿಗೆ
ದಿನಾ ಒಂದೇ ಪ್ರಶ್ನೆ:
'ಮೇಲಿಂದ ನಮ್ಮ ಬಾವಿ ಕಾಣ್ತದನಾ?'
ಆ ಬಾವಿ, ಆ ಕೇರಿ ಈಗ ನೌಕಾನೆಲೆಯ ಗೋಡೆಯಾಚೆ.
ಲಾರಿಗೆ ಪಾತ್ರೆ ಹೇರಿದ ದಿನ ನಾನು ಅವಳ ಕಂಕುಳಲ್ಲಿದ್ದೆನಂತೆ.
ಮೇಲಿಂದ ನನಗೆ ಕಾಣುವುದು ಉದ್ದಾನುದ್ದ ಕಾಂಕ್ರೀಟು,
ಅದರ ಮೇಲೆ ಒಂದು ಹಳದಿ ಗೆರೆ.
'ಕಾಣ್ತದೆ' ಎನ್ನುತ್ತಿದ್ದೆ.
ನೀರು? 'ಉಂಟು.' ರಾಟೆ? 'ಅದೂ ಉಂಟು.'
ಸುಳ್ಳಿನ ಬೋಲ್ಟು ಬೇಗ ಸಡಿಲಾಗುತ್ತದೆ,
ದಿನಾ ಬಿಗಿಮಾಡಬೇಕು.

ಮೊನ್ನೆ ಮಂಗಳವಾರ, ಗಿರಾಕಿ ಕಮ್ಮಿ,
ಕಂಬಿ ಒತ್ತುವ ಪಾಳಿಯೂ ನನ್ನದೇ.
ಟಿಕೆಟು ಹಿಡಿದು ಬಂದಳು. ಮುಡಿದ ಅಬ್ಬಲಿ ನನ್ನ ಕೈಗಿಟ್ಟಳು.
'ಕನ್ನಡಕ ತೆಗಿಬೇಕು' ಎಂದೆ.
'ಅದಿಲ್ದೆ ಹತ್ತಿ ಎಂತ ಮಾಡೂದು?'
ಬಲೆ ಹೊಲಿಯುವ ನೈಲಾನು ದಾರದಲ್ಲಿ
ತಲೆಯ ಹಿಂದೆ ಬಿಗಿದು ಗಂಟು ಹಾಕಿಕೊಂಡಳು.
ಪಕ್ಕದ ಸೀಟಿಗೆ ಯಾರೂ ಬರಲಿಲ್ಲ,
ಒಂದು ಮರಳ ಚೀಲ ಕೂರಿಸಿದೆ.

ಎಲ್ಲರೂ ದುಡ್ಡು ಕೊಡುವುದು ಬೀಳುವುದಕ್ಕೆ.
ಅವಳು ಕೊಟ್ಟದ್ದು ಬೀಳುವ ಮೊದಲಿನದಕ್ಕೆ.

ಕೆಳಗೆ ನಿಂತು ಎಣಿಸಿದೆ, ಒಂದು,
ಎರಡು ಬಾಯಿಗೆ ಬರುವಷ್ಟರಲ್ಲಿ
ಗಾಡಿ ನೆಟ್ಟಗೆ ಕೆಳಗೆ.
ಅವಳ ಕೂಗು ಕೇಳಲಿಲ್ಲ. ಮರಳಿನದೂ ಇಲ್ಲ.

ಇಳಿದವಳಿಗೆ ಕಾಲು ಊರಲು ಹೊತ್ತು ಹಿಡಿಯಿತು.
ಅಬ್ಬಲಿ ಕೇಳಿ ಇಸಕೊಂಡು ಮುಡಿದಳು.
ನಾನು ಕಂಬಿಯ ತುಕ್ಕು ಕೆರೆಯುತ್ತ ಬಗ್ಗಿಯೇ ಇದ್ದೆ.
'ಬಾವಿಗೆ ಮುಚ್ಚಳ ಹಾಕಿದ್ರು' ಎಂದಳು.
ಆಮೇಲೆ, ಬುಟ್ಟಿ ಎತ್ತಿಕೊಳ್ಳುತ್ತ,
'ಒಳ್ಳೇದಾಯ್ತು ಬಿಡು.
ಮಕ್ಕಳು ಬೀಳೂದಿಲ್ಲ.'