ಒಂದೇ ಗಂಟಿ

ಪಿಸ್ತೂಲು ನಂದಲ್ಲ.
ಸುಭೇದಾರ ಮಾಶಾಳೆ ಅವರದು, ಗ್ಯಾಸಿಂದು,
ಎಂಟು ಛರ್ರಾ ಹಿಡಿಯೂದು,
ಹಿಡಿಕಿಗೆ ಸೈಕಲ್ ಟ್ಯೂಬು ಸುತ್ತಿದ್ದು.
ತಿಂಗಳಿಗೆ ಮುನ್ನೂರು ಅಂದರು ಮೊದಲು,
ನನ್ನ ಪಗಾರ ಕೇಳಿ
ನೂರಾ ಐವತ್ತಕ್ಕ ಇಳದರು.
'ಛರ್ರಾ, ಗ್ಯಾಸು ನಿಂದು. ಎಣಿಸಿ ಹೊಡಿ.'

ಎಣಿಸೂದು ನನಗೇನು ಹೊಸದಲ್ಲ.
ಅಕ್ಕಲಕೋಟ ಡಿಪೋದಾಗ ಹದಿನಾಲ್ಕು ವರ್ಷದ ಕಂಡಕ್ಟರು ನಾನು.
ದುಧನಿ, ಮೈಂದರ್ಗಿ, ವಾಗ್ದರಿ.
ಎರಡು ರೂಪಾಯಿ ಲೆಕ್ಕ ತಪ್ಪಿದರ
ಆ ರಾತ್ರಿ ನಿದ್ದಿ ಇಲ್ಲ.
ಒಂದು ಡಬ್ಬಿ ಛರ್ರಾ ಎರಡು ತಿಂಗಳು ಬರಬೇಕು,
ಅಂದರ ದಿನಕ್ಕ ಎಂಟು.
ಎಂಟು ಮುಗದ ಮ್ಯಾಲೆ ಖಾಲಿ ಪಿಸ್ತೂಲು.

ಖಾಲಿ ಪಿಸ್ತೂಲಿನ್ಯಾಗ ಎಲ್ಲಾ ಐತಿ ಅಂತಾರ ಸುಭೇದಾರರು.
ಗೋಡಿಗೆ ನನ್ನ ಟಿಕಳಿ ಹಚ್ಚತೀನಿ,
ನಳಗಿ ಮ್ಯಾಲೆ ಒಂದು ರೂಪಾಯಿ ನಾಣ್ಯ ಇಡತೀನಿ,
ಉಸರು ಅರ್ಧ ಬಿಟ್ಟು ಬೆರಳು ಒತ್ತತೀನಿ.
ನಾಣ್ಯ ಬೀಳಬಾರದು.
ಮೊದಲ ವಾರ ಮನಿ ತುಂಬ ಚಿಲ್ಲರೆ.
ದಿನಾ ಗಾಡಿಯಾಗ ಎಲ್ಲಾರೂ ಇಲ್ಲ ಇಲ್ಲ ಅನ್ನೂ ಚಿಲ್ಲರೆ,
ಜ್ವಾಳದ ಡಬ್ಬಿ ಹಿಂದ, ಒಲಿ ಕೆಳಗ.

ನನ್ನ ಹಳೇ ತಿಕೀಟಿನ ಚೀಲ ಹರಿದು
ಸ್ಟ್ಯಾಂಡಿನ ಮುಂದಿನ ರಜಾಕ ಚಾಚಾ ಹೋಲ್ಸ್ಟರ್ ಹೊಲದು ಕೊಟ್ಟ.
'ಯಾರಿಗೆ ಹೊಡೀತಿ ಬೇಟಿ?'
'ರಟ್ಟಿಗೆ, ಚಾಚಾ.'
ಕ್ಯಾಂಟೀನಿನ ಬಿಸ್ಕೀಟು ಡಬ್ಬಿ ಬಿಚ್ಚಿದರ ರಟ್ಟು ಆತು,
ತೂತು ಮುಚ್ಚಾಕ ಉಳಿದ ತಿಕೀಟಿನ ಸುರುಳಿ,
ಗೋಧಿ ಹಿಟ್ಟಿನ ಅಂಟು.
ದುಧನಿ ಫುಲ್ ಒಂದು, ದುಧನಿ ಹಾಫ್ ಎರಡು
ಅಂತ ಓದತೈತಿ ನನ್ನ ರಟ್ಟಿನ ಮನಷ್ಯಾನ ಎದಿ.

ಒಂದಿನ ನಡಕೋತ ಹೊಡಿ ಅಂದರು.
ಹೊಡದೆ.
ಮತ್ತೊಮ್ಮೆ ಅಂದರು.
'ಇದಕ್ಕ ಹುಡುಗೋರಿಗೆ ವರ್ಷ ಹಿಡೀತೈತಿ,
ನಿನಗ ಯಾರು ಕಲಿಸಿದರು?'
'ವಾಗ್ದರಿ ರಸ್ತಾ,' ಅಂದೆ.
'ಬೆರಳು ಹೊರಗ!' ಅಂತ ಅವರು ಗದರೂದು,
ನಾನು 'ಮುಂದ ಸರೀರಿ' ಅಂದಂಗ:
ಯಾರೂ ಕೇಳೂದಿಲ್ಲ ಅಂತ ಗೊತ್ತಿದ್ದೂ ಬಿಡೂದಿಲ್ಲ.

ಸೊಲ್ಲಾಪುರದಾಗ ಮುಚ್ಚಿದ ಗಿರಣಿ ಶೆಡ್ಡಿನ್ಯಾಗ ಮ್ಯಾಚು.
ಫೀ ನಾಲ್ಕುನೂರು, ಎರಡು ಓವರ್‌ಟೈಮು.
ಪುಣೆ ಹುಡುಗೋರ ಬೆನ್ನ ಮ್ಯಾಲೆ ಅವರವರ ಹೆಸರು.
ನನ್ನ ಬೆನ್ನ ಮ್ಯಾಲೆ ಬೆವರು, ಕಾಲಾಗ ಕ್ಯಾನ್ವಾಸು.
'ಯಾರ ಜೋಡಿ ಬಂದೀರಿ ಬಾಯಿ?'
ನನ್ನ ಜೋಡಿ.

ಆರು ರಟ್ಟು, ಎರಡು ತಗಡು,
ನಡುವ ಕೈ ಎತ್ತಿ ನಿಂತ ಒಂದು ಬಿಳೀ ರಟ್ಟು.
ಅದಕ್ಕ ಹೊಡಿಬಾರದು.
ಅವ ಪಾಸಿನ ಮನಷ್ಯಾ, ಮುಟ್ಟಬ್ಯಾಡ
ಅಂತ ನೆನಪಿಟ್ಟೆ.

ಟೀಂ ಅಂತು ಟೈಮರು.
ಒಂದ ಸಲ.

ಹದಿನಾಲ್ಕು ವರ್ಷ ಒಂದು ಗಂಟಿ ಅಂದರ ನಿಲ್ಲು,
ಎರಡು ಅಂದರ ಹೋಗು.
ನಾನು ನಿಂತೆ.
ಎರಡನೇದು ಬರಲಿಲ್ಲ.
ಶೆಡ್ಡಿನ ತಗಡಿನ ಮ್ಯಾಲೆ ಒಂದು ಪಾರಿವಾಳ ನಡೆಯೂದು ಕೇಳಿತು.
ಆಮ್ಯಾಲೆ ಹೋದೆ.

ಎಲ್ಲಾ ಬಿದ್ದವು. ಪಾಸಿನವಗ ಏನೂ ಆಗಲಿಲ್ಲ.
ಇಪ್ಪತ್ತಮೂರು ಮಂದ್ಯಾಗ ಹತ್ತೊಂಬತ್ತನೇ ನಂಬರು.
'ಗುರಿ ಚಲೋ ಐತಿ,' ಅಂದರು ಸುಭೇದಾರರು,
'ಕಿವಿ ಮಾತ್ರ ಇನ್ನೂ ಡ್ಯೂಟಿ ಮ್ಯಾಲೈತಿ.'

ಈಗ ಸಂಜೀಕ ಅಕ್ಕನ ಮಗ ಓಂಕಾರ
ಗಿಲಾಸಿಗೆ ಚಮಚಾ ಬಡೀತಾನ, ಒಂದ ಸಲ,
ತನಗ ತಿಳದಾಗ, ಓದೂದರ ನಡುವ.
ಮಗ್ಗಲ ಮನಿ ಕುಕ್ಕರು ಸೀಟಿ ಹಾಕಿದರೂ
ಖಾಲಿ ಪಿಸ್ತೂಲು ಹೊರಗ ಬರತೈತಿ.

ಮೊನ್ನೆ ಮುಂಜಾನಿ ಆರೂ ಹತ್ತರ ದುಧನಿ ಗಾಡಿ.
ಹಾಲಿನ ಕ್ಯಾನು, ಸಾಲಿ ಹುಡುಗೋರು,
ಹಳ್ಳದ ಪೂಲಿನ ಹತ್ತರ ಯಾರೋ ಇಳೀತೀನಿ ಅಂದರು.
ದಾರ ಎಳದೆ, ಒಂದ ಸಲ.
ಗಂಟಿ ಆತು,
ಬಲಗೈ ತಾನ ಸೊಂಟಕ್ಕ ಹೋಗಿ
ಚಿಲ್ಲರೆ ಚೀಲ ಹಿಡೀತು.
ಡ್ರೈವರ್ ಈರಪ್ಪ ಕನ್ನಡ್ಯಾಗ ನೋಡಿ, 'ಯಾಕ್ರೀ ಬಾಯಿ?'
'ಏನಿಲ್ಲ, ನಡೀರಿ,' ಅಂದೆ.
ಬೆರಳು ಹೊರಗ ಇತ್ತು.