ಮೂವತ್ತರ ಒಳಗೆ

ಕೂದಲುಂಡೆ ಅಂದುಕೊಂಡೆವು ಮೊದಲು.
ನೆಲಕ್ಕೆ ಎದೆಯೊತ್ತಿ, ಕತ್ತು ಮುಂದಕ್ಕೆ ಚಾಚಿ
ಖೊಕ್ ಖೊಕ್ ಕೆಮ್ಮಿ
ಏನೂ ಕಕ್ಕದೆ, ತುಟಿ ನೆಕ್ಕಿಕೊಂಡು
ಕಿಟಕಿಗೆ ಹೋಗಿ ಕೂರುತ್ತಿದ್ದಳು ನಮ್ಮ ಬೂತಾಯಿ,
ಕೆಮ್ಮಿದ್ದು ಬೇರೆ ಯಾರೋ ಎಂಬಂತೆ.
ಮೂರು ವಾರ. ಒಂದೆಳೆ ಕೂದಲೂ ಬೀಳಲಿಲ್ಲ.

ಮುಹರ್ರಕ್‌ನ ಓಣಿ, ಮೂರನೇ ಮಾಳಿಗೆ,
ಒಂದು ಕೋಣೆ, ನಾಲ್ಕು ಮಂಚ.
ಹೊರಗೆ ಮಣ್ಣುಗಾಳಿ. ಎದುರಿನ ಮಿನಾರ
ಹಾಲು ಸಾಲದ ಚಹಾದಲ್ಲಿ ಮುಳುಗಿತ್ತು.
ನನ್ನದು ಎ.ಸಿ. ನಾಳ ತೊಳೆಯುವ ಕೆಲಸ:
ಬ್ಯಾಂಕಿನ, ಹೋಟೆಲಿನ, ಯಾರದೋ ವಿಲ್ಲಾದ
ಉಸಿರಿನ ದಾರಿಯಲ್ಲಿ ಅಂಗಾತ ತೆವಳಿ
ಧೂಳನ್ನು ಚೀಲದಲ್ಲಿ ತುಂಬಿ ತರುವುದು.
ನಮ್ಮ ಕೋಣೆಯ ಫಿಲ್ಟರ್ ಬಿಚ್ಚಿ ನೋಡಿದ್ದು
ಬೂತಾಯಿ ಬಾಯಿ ತೆರೆದ ರಾತ್ರಿ ಮಾತ್ರ.

ನಾಯಿ ಬಾಯಿ ತೆರೆದರೆ ಸೆಕೆ.
ಬೆಕ್ಕು ತೆರೆದರೆ ಏನೆಂದು
ಗೊತ್ತಿರಲಿಲ್ಲ ನನಗೆ.
ಮೊಣಕೈ ಅಗಲಿಸಿ, ಹೊಟ್ಟೆಯನ್ನು ಸೇದಿ ಸೇದಿ,
ಒಸಡು ಸೀಸದ ಬಣ್ಣಕ್ಕೆ ತಿರುಗಿ,
ಆದರೂ ಒಂದು ಮಿಯಾಂವ್ ಇಲ್ಲ.
ನೋವಿದ್ದರೆ ಉಸಿರೆತ್ತದ ಜಾತಿ ಅದು.
ಪುತ್ತುಮೋನಾಕ ಲುಂಗಿಯಲ್ಲೇ ಪಿಕಪ್ ಓಡಿಸಿದರು,
ತಬ್ಬಿಕೋಬೇಡ, ಒತ್ತಬೇಡ, ಗಾಳಿ ಬಿಡು ಎನ್ನುತ್ತ.

ಗಾಜಿನ ಪೆಟ್ಟಿಗೆಗೆ ಆಕ್ಸಿಜನ್ ಬಿಟ್ಟು
ಸುಡಾನಿನ ಡಾಕ್ಟರ್ ಇಂತಿಸಾರ್
ತಮಗೆ ಬಂದಷ್ಟು ಹಿಂದಿಯಲ್ಲಿ ಹೇಳಿದರು:
ಆಸ್ತಮಾ. ಮನುಷ್ಯರದ್ದೇ, ಅಳತೆ ಸಣ್ಣದು.
ಊದಿನ ಹೊಗೆ, ಅತ್ತರು, ಬೀಡಿ,
ಕೆರೆದರೆ ಧೂಳೇಳುವ ಕಕ್ಕಸಿನ ಮರಳು, ಒಂದೂ ಬೇಡ.
ನಿದ್ದೆಯಲ್ಲಿದ್ದಾಗ ಎಣಿಸು. ಪಕ್ಕೆ ಏರಿ ಇಳಿದರೆ ಒಂದು.
ನಿಮಿಷಕ್ಕೆ ಮೂವತ್ತರ ಒಳಗಿದ್ದರೆ ನೀನೂ ಮಲಗು.
ನಲವತ್ತು ದಾಟಿದರೆ ಫೋನ್ ಮಾಡುತ್ತ ಕೂರಬೇಡ. ಬಾ.

ಅರವತ್ತೆರಡು ದಿನಾರು.
ಊರಿಗೆ ಹೇಳಲಿಲ್ಲ.

ಈಗ ಗುರುವಾರದ ಲೋಬಾನ ಮಹಡಿಯ ಮೇಲೆ.
ನೇಪಾಳದ ಖಡ್ಕ ಬೀಡಿಗೆಂದು ಮೂರು ಮಾಳಿಗೆ ಇಳಿಯುತ್ತಾನೆ,
ಬೈದುಕೊಂಡೇ ಹತ್ತುತ್ತಾನೆ, ಏದುಸಿರು ಅವನಿಗೇ.
ಬೆಳಿಗ್ಗೆ ಸಂಜೆ ಪುಟ್ಟ ಮುಖವಾಡ ಇಟ್ಟು ಹತ್ತು ಉಸಿರು ಹಿಡಿದಿರಬೇಕು.
ಮೊದಲ ವಾರದ ಗೀರುಗಳು ಇನ್ನೂ ಇವೆ ಮುಂಗೈಯಲ್ಲಿ.

ಕೆಳಗಿನ ಮನೆಯ ಬು ರಾಶಿದ್, ಬಾಡಿಗೆ ಕೇಳಲು ಬಂದವರು,
ನಾನು ಬೆರಳು ಮಡಚುವುದನ್ನು ನೋಡಿ ಕೂತುಬಿಟ್ಟರು.
ನನ್ನಪ್ಪ ಮುತ್ತು ಮುಟ್ಟಿದವನಲ್ಲ, ಅಂದರು.
ಮೂಗಿಗೆ ಚಿಮಟ ಸಿಕ್ಕಿಸಿ ಮುಳುಗುವವನು ಬೇರೆ;
ಅಪ್ಪ ದೋಣಿಯಲ್ಲಿ ಹಗ್ಗ ಹಿಡಿದು ಕೂರುವ ಸೈಬ್.
ಇನ್ನೊಬ್ಬನ ಉಸಿರು ಅವನ ಅಂಗೈಯಲ್ಲಿ.
ಮುದುಕನಾದ ಮೇಲೂ ನಿದ್ದೆಯಲ್ಲಿ ಎಳೆಯುತ್ತಿದ್ದ,
ಹೊದಿಕೆ ಎಲ್ಲ ಅವನ ಕಡೆಗೇ.

ಬಾಡಿಗೆಯ ಮಾತು ಆಮೇಲೆ ಬಂತು. ಬರದೇ ಇರಲಿಲ್ಲ.

ರಾತ್ರಿ ಎರಡೂವರೆ. ಊರಲ್ಲಿ ಐದು.
ಮಲ್ಪೆಯ ದಕ್ಕೆಗೆ ಬುಟ್ಟಿ ಹೊತ್ತು ಹೊರಡುವ ಮೊದಲು
ಜಲಜಾಳ ಫೋನು. ಮಂಜುಗಡ್ಡೆಗೆ ರೇಟು ಏರಿದೆಯಂತೆ,
ಮಗಳಿಗೆ ಕನ್ನಡಕ ಬೇಕಂತೆ.
ನನ್ನ ಮೊಣಕಾಲ ಬಳಿ ಬೂತಾಯಿಯ ಪಕ್ಕೆ
ಏರುತ್ತದೆ, ಇಳಿಯುತ್ತದೆ,
ಇಪ್ಪತ್ತೊಂದು, ಇಪ್ಪತ್ತೆರಡು.

ಎಂತ, ಸುಮ್ಮನಾದ್ರಿ? ಉಸಿರೇ ಇಲ್ಲ?
ಇಪ್ಪತ್ತಾರು, ಅಂದೆ.
ಇಪ್ಪತ್ತಾರು ಎಂತದ್ದು, ದಿನಾರಾ?

ನಾಲ್ಕು ಸೆಕೆಂಡು ಉಳಿದಿತ್ತು.
ಇಪ್ಪತ್ತೇಳು.