ಯಾರ ಗೇಣು?

ಫೋನಿನಲ್ಲಿ ಶೇವಂತಿ ಉಳ್ವೇಕರ್ ಕೊಟ್ಟ ಅಳತೆ:
ಅಗಲ ಆರು ಗೇಣು, ಮೇಲೆ ನಾಲ್ಕು ಬೆರಳು.
ಯಾರ ಗೇಣು? ಎಂದೆ.
ಸ್ವಲ್ಪ ಹೊತ್ತು ಬಿಟ್ಟು, ನಂದೇ, ಎಂದಳು,
ಅವರ ಕೈ ನಿದ್ದೆಯಲ್ಲಿತ್ತು.

ಗೇಣು ನಂಬಿ ಬಟ್ಟೆ ಕತ್ತರಿಸೋಕಾಗಲ್ಲ ತಾಯಿ,
ನಾನೇ ಬರ್ತೇನೆ.
ಗ್ರೀನ್ ಸ್ಟ್ರೀಟಿನಿಂದ ಕೋಡಿಬಾಗಕ್ಕೆ ಸ್ಕೂಟಿಯಲ್ಲಿ ಹತ್ತು ನಿಮಿಷ,
ಮೀನಿನ ಬುಟ್ಟಿ ಅಡ್ಡ ಬಂದರೆ ಹದಿನೈದು.
ಚೀಲದಲ್ಲಿ ಉಕ್ಕಿನ ಟೇಪು, ಪೆನ್ಸಿಲ್ಲು, ನಮೂನೆ ಬಟ್ಟೆಯ ಕಟ್ಟು.

ಬಟ್ಟೆಯ ಟೇಪು ಒಯ್ಯುವುದಿಲ್ಲ.
ಬಸ್ತ್ಯಾಂವ್ ಮಾಸ್ತರರ ಹಳದಿ ಟೇಪು
ಎಳೆದೆಳೆದು ಹನ್ನೆರಡು ವರ್ಷಕ್ಕೆ ಅರ್ಧ ಇಂಚು ಬೆಳೆದಿತ್ತು.
ಅಳೆದದ್ದೂ ಅದರಲ್ಲೇ, ಕತ್ತರಿಸಿದ್ದೂ ಅದರಲ್ಲೇ,
ತಪ್ಪಿಗೆ ತಪ್ಪು ಸರಿಹೋಗಿ
ಊರಿನ ಪರದೆಗಳೆಲ್ಲ ನೆಟ್ಟಗೇ ತೂಗಿದವು.
ಹುಬ್ಬಳ್ಳಿಯಿಂದ ಮೊದಲ ಬ್ಲೈಂಡು ತರಿಸಿದ ದಿನ
ಅಂಚಿನಲ್ಲಿ ಅರ್ಧ ಇಂಚು ಆಕಾಶ ಉಳಿಯಿತು.
ಮಾಸ್ತರರು ಟೇಪನ್ನು ಎರಡು ಸಲ ಮುಖದ ಹತ್ತಿರ ತಂದು ನೋಡಿದರು,
ಬೈಯಲಿಲ್ಲ.

ಬಾಗಿಲಲ್ಲೇ ಶೇವಂತಿಯ ಬೆರಳು ತುಟಿಯ ಮೇಲೆ.
ಒಳಗೆ ರೋಹಿದಾಸ. ಕೈಗಾದಲ್ಲಿ ರಾತ್ರಿ ಪಾಳಿ,
ಬೆಳಗಿನ ಬಸ್ಸಿಗೆ ಇಳಿದು, ಗಂಜಿ ಉಂಡು
ಗೋಡೆಯ ಕಡೆ ತಿರುಗಿ ಮಲಗಿದ್ದಾನೆ.
ಕಿಟಕಿಗೆ ಹಳೇ ಪೇಪರು, ಪೇಪರಿನ ಮೇಲೆ ನೀಲಿ ಚಾದರ,
ಉಪ್ಪುಗಾಳಿಗೆ ತುಕ್ಕು ಹಿಡಿದು
ಮೊಳೆಗಳು ಚಾದರದ ಮೇಲೆ ಕಣ್ಣೀರಿಟ್ಟಿವೆ.
ಆದರೂ ಒಂದು ಸಂದಿ.
ಸಂದಿಯಿಂದ ಎರಡು ಬೆರಳಗಲ ಬಿಸಿಲು.

ಪಿಸುಗುಟ್ಟಿದಳು:
ಹತ್ತಕ್ಕೆ ದಿಂಬು, ಹತ್ತೂವರೆಗೆ ಕಿವಿ,
ಹನ್ನೊಂದಕ್ಕೆ ಸರಿಯಾಗಿ ಕಣ್ಣು.
ಆಗ ನಾನು ಮೊರ ಹಿಡಿದು ನಿಲ್ತೇನೆ,
ಹನ್ನೊಂದೂಕಾಲರ ತನಕ,
ಒಲೆ ಮೇಲೆ ಏನಿದ್ದರೂ.
ಗೋಡೆಗೆ ಒರಗಿಸಿದ ಮೊರ ತೋರಿಸಿದಳು,
ಹಿಡಿದ ಜಾಗದಲ್ಲಿ ಬಿದಿರು ನುಣುಪಾಗಿತ್ತು.

ಕಿಟಕಿಯನ್ನು ಮೂರು ಕಡೆ ಕೇಳಬೇಕು,
ಒಂದೇ ಕಡೆ ಕೇಳಿದರೆ ಸುಳ್ಳು ಹೇಳುತ್ತದೆ.
ಮೇಲೆ ನೂರಾ ಹದಿನೈದು. ನಡುವೆ ನೂರಾ ಹದಿನೈದು.
ಬಿಟ್ಟರೆ ಉಕ್ಕಿನ ಟೇಪು ಕೇರೆಹಾವಿನ ಹಾಗೆ
ಸರ್ರನೆ ಬಿಲ ಸೇರಿ ಟಪ್ಪೆನ್ನುತ್ತದೆ.
ಸೆರಗಿನಲ್ಲಿ ಸುತ್ತಿ, ಹೆಬ್ಬೆರಳಲ್ಲಿ ತಡೆತಡೆದು
ಇಂಚಿಂಚೇ ಒಳಗೆ ಬಿಟ್ಟೆ.
ತುಟಿಯಲ್ಲೇ ಅಂಕಿ ಹೇಳಿದೆ,
ಅವಳು ಅಂಗೈ ಮೇಲೆ ಬರೆದುಕೊಂಡಳು.

ಕೆಳಗೆ ಹಿಡಿಯುವಾಗ ಹಾಸಿಗೆಯಿಂದ ದನಿ,
ಕಣ್ಣು ಮುಚ್ಚಿಯೇ:
ಬಲಗಡೆ ಗಾರೆ ಉಬ್ಬಿದೆ, ಒಂದು ಸೆಂಟಿಮೀಟರ್ ಕಮ್ಮಿ ಬರುತ್ತೆ.

ಬಂದಿತ್ತು. ಸರಿಯಾಗಿ ಒಂದು.

ಎಚ್ಚರ ಇದ್ರಾ? ಎಂದಳು ಶೇವಂತಿ.
ಆಮೇಲೆ, ಇನ್ನೂ ಸಣ್ಣಗೆ,
ಎಂಟು ತಿಂಗಳಿಂದ?

ಬಸ್ತ್ಯಾಂವ್ ಮಾಸ್ತರರು ನನಗೆ
ಇಂಥ ಹೊತ್ತಿನಲ್ಲಿ ಎಲ್ಲಿ ನೋಡಬೇಕೆಂದು ಕಲಿಸಿರಲಿಲ್ಲ.
ಒಮ್ಮೆ ಅಳೆದ ಎತ್ತರವನ್ನೇ ಮತ್ತೆ ಅಳೆದೆ.

ಮೊರದ ನೆರಳು ಬರೋದು ಗೊತ್ತಾಗ್ತಿತ್ತು, ಎಂದ.
ಆಮೇಲೆ ಸ್ವಲ್ಪ ಹತ್ತುತ್ತಿತ್ತು.

ಜಗುಲಿಯಲ್ಲಿ ಕೂತು ಪುಸ್ತಕದಲ್ಲಿ ಬರೆದೆ:
ಚೌಕಟ್ಟಿನ ಒಳಗೆ ಬೇಡ, ಅಂಚಿನಲ್ಲಿ ಬೆಳಕು ಜಿನುಗುತ್ತದೆ.
ಹೊರಗೆ, ಗೋಡೆಯ ಮೇಲೆ. ಎರಡೂ ಕಡೆ ಮೂರಿಂಚು ಹೆಚ್ಚು.
ಬಣ್ಣ ಬೂದು. (ಕಪ್ಪು ಬೇಡವೆಂದಳು, ಕಾರಣ ಹೇಳಲಿಲ್ಲ.)
ಸ್ಕ್ರೂ ಸ್ಟೀಲಿನದು, ಕಬ್ಬಿಣ ಇಲ್ಲಿ ಒಂದೇ ಮಳೆಗಾಲ.
ದರಕ್ಕೆ ಚೌಕಾಸಿ ಮಾಡಿದಳು, ಇನ್ನೂರು ಬಿಟ್ಟೆ.

ಎಷ್ಟು ದಿನ?
ಹನ್ನೆರಡು.
ಬೆರಳಲ್ಲಿ ಎಣಿಸಿ ನೋಡಿದಳು,
ಅಂಗೈಯ ಅಂಕಿ ಬೆವರಿಗೆ ಆಗಲೇ ಕದಡಿತ್ತು.

ಸಹಿ ಹಾಕಬೇಕಿತ್ತು. ಪೆನ್ಸಿಲ್ಲು ಚಾಚಿದೆ.
ಅಷ್ಟರಲ್ಲಿ ಒಳಗಿನ ಗಡಿಯಾರದ ಕಡೆ ನೋಡಿ
ತಡೀರಿ ಒಂದು ಗಳಿಗೆ, ಎಂದು ಎದ್ದು ಹೋದಳು.

ಕಾಲು ಗಂಟೆ ಕಾದೆ.